ಬಾಯಿ ಕಾಯುವ ಕೆಲಸ

ಸುಮ್ಮನೆ ಕೂರುವುದಕ್ಕೆ ಸಂಬಳ ಪಡೆಯುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಏಳಲೇಬಾರದು ಎಂಬ ಷರತ್ತಿನ ಮೇಲೆ ಕೂರುವವರು ಮಾತ್ರ ವಿರಳ. ಪುಣೆಯ ಪಕ್ಕದ ಭೋಸರಿಯ ನಮ್ಮ ಕಾರ್ಖಾನೆಯಲ್ಲಿ ಆ ಗೌರವ ನನ್ನ ಪಾಲಿಗೆ ಬಂದಿದೆ.

ಯಂತ್ರಗಳಿಗೆ ಗೇರು ತಯಾರಿಸುವ ಕಾರ್ಖಾನೆ ನಮ್ಮದು, ದೊಡ್ಡದೇನಲ್ಲ. ಸುರಕ್ಷತಾ ವಿಭಾಗದ ಮುಖ್ಯಸ್ಥ ನಾನು. ಆ ವಿಭಾಗದಲ್ಲಿ ಬೇರೆ ಯಾರೂ ಇಲ್ಲದ್ದರಿಂದ ನನ್ನ ಆಜ್ಞೆಗಳನ್ನು ನಾನೇ ವಿಧೇಯನಾಗಿ ಪಾಲಿಸುತ್ತೇನೆ. ಯಂತ್ರಗಳಿಂದ ಹರಿದ ಎಣ್ಣೆನೀರು, ಲೋಹ ತೊಳೆದ ನೀರು, ಎಲ್ಲವೂ ಹಿಂಭಾಗದಲ್ಲಿ ನೆಲದಡಿ ಕಟ್ಟಿದ ಟಾಕಿಗಳಿಗೆ ಹೋಗಿ ಸೇರುತ್ತವೆ. ಆಗಾಗ ಟ್ಯಾಂಕರ್ ಬಂದು ನೀರನ್ನು ಹೀರಿಕೊಂಡು ಹೋಗುತ್ತದೆ. ಆದರೆ ತಳದಲ್ಲಿ ಕೂತ ಗಟ್ಟಿ ಕೆಸರು ಟ್ಯಾಂಕರಿನ ಪೈಪಿಗೆ ಮಣಿಯುವುದಿಲ್ಲ. ಮನುಷ್ಯನೇ ಇಳಿದು ಸಲಿಕೆಯಿಂದ ಕೆರೆಯಬೇಕು. ಅವನು ಇಳಿದಾಗ ಮೇಲೆ, ಟಾಕಿಯ ಬಾಯಿಯ ಪಕ್ಕದಲ್ಲಿ, ಇನ್ನೊಬ್ಬ ಮನುಷ್ಯ ಕೂತಿರಬೇಕು. ಕಾಗದಪತ್ರಗಳಲ್ಲಿ ಅವನಿಗೆ ಅಟೆಂಡೆಂಟ್ ಎಂಬ ಬಿರುದಿದೆ. ನಮ್ಮ ಮಂದಿ ಅದನ್ನು ಬಾಯಿ ಕಾಯುವುದು ಎನ್ನುತ್ತಾರೆ.

ಬಾಯಿ ಕಾಯುವವನು ಚಹಾಕ್ಕೆ ಹೋಗಕೂಡದು, ಫೋನು ನೋಡಕೂಡದು. ಒಳಗಿನವನ ಜೊತೆ ಮಾತಾಡುತ್ತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಳಗಿನವನು ಕುಸಿದು ಬಿದ್ದರೂ ತಾನು ಇಳಿಯಕೂಡದು. ಇಂಥ ಗುಂಡಿಗಳ ರೀತಿಯೇ ಅದು: ಒಬ್ಬ ಬೀಳುತ್ತಾನೆ, ಅವನನ್ನು ಎತ್ತಲು ಇನ್ನೊಬ್ಬ ಹಾರುತ್ತಾನೆ, ಅವರಿಬ್ಬರಿಗೆ ಏನಾಯಿತೆಂದು ಮೂರನೆಯವನು ಬಗ್ಗುತ್ತಾನೆ. ಗಾಳಿ ಕೆಟ್ಟ ಜಾಗದಲ್ಲಿ ಪ್ರೀತಿ, ಧೈರ್ಯ ಇವೆಲ್ಲ ಉಸಿರಾಡಲು ಬರುವ ವಸ್ತುಗಳಲ್ಲ. ಹಗ್ಗ ಮತ್ತು ರಾಟೆಯಿಂದ ಮೇಲೆ ಎಳೆಯಬೇಕು. ಎಳೆಯಲಾಗದಿದ್ದರೆ ಮುಖಕ್ಕೆ ಗಾಳಿಯ ಸಿಲಿಂಡರು ಕಟ್ಟಿಕೊಂಡ ಅಗ್ನಿಶಾಮಕದವರು ಬರುವತನಕ ಕೂತಿರಬೇಕು.

ಈ ಕೆಲಸಕ್ಕೆ ದೇವರು ನನ್ನನ್ನು ಆರಿಸಿದ್ದು ಅವನ ವಿನೋದಪ್ರವೃತ್ತಿಗೆ ಸಾಕ್ಷಿ. ನನಗೆ ಕೂರುವುದೇ ಬರುವುದಿಲ್ಲ. ಮದುವೆಮನೆಯಲ್ಲಿ ಎರಡನೆಯ ಪಂಕ್ತಿಯವರ ಹಿಂದೆ ಅಡ್ಡಾಡುತ್ತಿರುತ್ತೇನೆ. ರೈಲಿನಲ್ಲಿ ರಿಸರ್ವ್ ಮಾಡಿಸಿದ ಸೀಟನ್ನು ಬೇರೆಯವರು ಉಪಯೋಗಿಸುತ್ತಾರೆ. ನಾನು ಬಾಗಿಲ ಬಳಿ ನಿಂತಿರುತ್ತೇನೆ. ಧಾರವಾಡದಿಂದ ಮದುವೆಯಾಗಿ ಬಂದ ದಿನದಿಂದ ನನ್ನ ಹೆಂಡತಿ ಕೇಳುತ್ತ ಬಂದ ಪ್ರಶ್ನೆ ಒಂದೇ: "ಮನ್ಯಾಗ ಒಂದ್ ಗಳಿಗಿ ಕೂಡ್ಲಿಕ್ಕೆ ಆಗೂದಿಲ್ಲ. ಕಂಪನ್ಯಾಗ ಹೆಂಗ ಕೂಡ್ತೀರಿ?"

"ಅಲ್ಲಿ ಕೂಡದಿದ್ರ ಮಂದಿ ಸಾಯ್ತಾರ," ಎನ್ನುತ್ತೇನೆ.

"ಇಲ್ಲಿ ನಾ ಸಾಯ್ಲಿಕ್ಕತ್ತೀನಿ, ಕೂಡ್ರಿ," ಎನ್ನುತ್ತಾಳೆ.

ಟಾಕಿಗೆ ಇಳಿಯುವ ಗುತ್ತಿಗೆಯ ತಂಡದಲ್ಲಿ ಬೈಲಹೊಂಗಲ ಕಡೆಯ ಅಣ್ಣತಮ್ಮಂದಿರಿದ್ದರು. ಇಬ್ಬರಿಗೂ ಊರಲ್ಲಿ ಹೆಂಡಿರು ಮಕ್ಕಳು; ಇಲ್ಲಿ ಭೋಸರಿಯಲ್ಲಿ ಒಂದೇ ಖೋಲಿ, ಒಂದೇ ಸ್ಟೋವು, ಅಡುಗೆ ಪಾಳಿಯ ಮೇಲೆ. ಅಣ್ಣ ಟಾಕಿಗೆ ಇಳಿಯುತ್ತಿದ್ದ, ತಮ್ಮ ಮೇಲೆ ಮೂರುಕಾಲಿನ ಸ್ಟ್ಯಾಂಡಿಗೆ ಬಿಗಿದ ರಾಟೆಯ ಹ್ಯಾಂಡಲು ಹಿಡಿದು ನಿಲ್ಲುತ್ತಿದ್ದ. ಅಣ್ಣನ ಮೈಗೆ ಕಟ್ಟಿದ ಪಟ್ಟಿ, ಪಟ್ಟಿಯಿಂದ ಹಗ್ಗ, ಹಗ್ಗದ ಕೊನೆಗೆ ತಮ್ಮ. ಕಚೇರಿಯವರು ಇದನ್ನು ನೋಡಿ, ಎಂಥ ಒಳ್ಳೆಯ ಏರ್ಪಾಡು, ಒಡಹುಟ್ಟಿದವನಷ್ಟು ಜೋಪಾನ ಮಾಡುವವರು ಯಾರು ಎಂದು ಮೆಚ್ಚಿದ್ದರು. ನಾನೂ ತಲೆಯಾಡಿಸಿದ್ದೆ.

ಅಣ್ಣನದು ಒಂದೇ ತೊಂದರೆ. ಒಳಗಿನವನ ಸ್ಥಿತಿ ತಿಳಿಯಲು ಮಾತಾಡಿಸಬೇಕಲ್ಲ, "ಹೆಂಗದೀಯೋ?" ಎಂದು ಕೇಳಿದರೆ ಕೆಳಗಿನಿಂದ, "ಆರಾಮ ಅದೀನ್ರಿ" ಎಂಬ ಉತ್ತರ ಬರುತ್ತಿತ್ತು. ತಗಡು ತಾಗಿ ಕಾಲು ಸೀಳಿ ಬೂಟಿನ ತುಂಬ ರಕ್ತವಾದ ದಿನವೂ ಅದೇ, "ಆರಾಮ ಅದೀನ್ರಿ." ನಮ್ಮ ಕಡೆಯವರಿಗೆ ಹಿರಿಯರೆದುರು ಕಷ್ಟ ಹೇಳಿಕೊಳ್ಳುವುದು ಒಂದು ಬಗೆಯ ಉದ್ಧಟತನ. ಸ್ಮಶಾನದ ದಾರಿಯಲ್ಲಿ ಹೆಣವನ್ನು ತಡೆದು ವಿಚಾರಿಸಿದರೆ ಅದೂ ಹಾಗೇ ಹೇಳೀತು. ಹೀಗಾಗಿ ಕುಶಲಪ್ರಶ್ನೆಯಿಂದ ಅವನ ಕುಶಲ ತಿಳಿಯುವ ಆಸೆಯನ್ನು ನಾನು ಬಿಟ್ಟೆ.

ಬದಲಿಗೆ ಜಗಳ ಹಿಡಿದೆ. ಒಂದು ಭಾನುವಾರ ಅವರ ಖೋಲಿಗೆ ಊಟಕ್ಕೆ ಕರೆದಿದ್ದರು. ತಮ್ಮ ಕಡಲೆಹಿಟ್ಟಿನ ಝುಣಕ ಮಾಡಿದ್ದ. ಅದರ ಬಗ್ಗೆ ಅಣ್ಣನ ಅಭಿಪ್ರಾಯ ಏನೆಂಬುದು ತಿನ್ನುವಾಗಲೇ ನನಗೆ ಗೊತ್ತಾಗಿತ್ತು. ಮರುದಿನ ಅವನು ಟಾಕಿಯಲ್ಲಿದ್ದಾಗ ಬಗ್ಗಿ ಹೇಳಿದೆ, "ಝುಣಕ ಮಾತ್ರ ನಿನಗಿಂತ ನಿನ್ನ ತಮ್ಮ ಚಲೋ ಮಾಡ್ತಾನ ನೋಡಪಾ."

ಸಲಿಕೆಯ ಸದ್ದು ನಿಂತಿತು. "ಅದಕ್ಕ ಝುಣಕ ಅಂತಾರೇನ್ರಿ ಸಾಹೇಬ್ರ? ಗ್ವಾಡಿಗೆ ಮೆತ್ತೂ ಗಾರೆ ಅದು."

ಮೇಲಿನಿಂದ ತಮ್ಮ, "ನಿಂದ ತಿಂದ್ರ ರಾತ್ರೆಲ್ಲಾ ನೀರಿನ ಕೊಡದ ಹಂತ್ಯಾಕ ಮಲಗಬೇಕು. ಉಪ್ಪಿನ ಡಬ್ಬಿನ ಬೋರಲ ಹಾಕ್ತಾನ್ರಿ ಇಂವ," ಎಂದ.

"ಮ್ಯಾಲ ನಿಂತ್ ಮಾತಾಡಬ್ಯಾಡ. ಇಲ್ಲಿ ಇಳಿದ ಬಾ, ಹೇಳ್ತೀನಿ."

ಆ ದನಿ ಕೇಳಿ ನನಗಾದ ಸಮಾಧಾನ ಯಾವ ಯಂತ್ರದಿಂದಲೂ ಆಗಿರಲಿಲ್ಲ. ಸಿಟ್ಟಿಗೆ ಉಸಿರು ಬೇಕು, ನೆನಪು ಬೇಕು, ಎದುರಾಳಿಯ ದೋಷಗಳನ್ನು ಆರಿಸಿ ಜೋಡಿಸುವ ಬುದ್ಧಿ ನೆಟ್ಟಗಿರಬೇಕು. ಅಂದಿನಿಂದ ಟಾಕಿಯ ಬಾಯಲ್ಲಿ ಕೂತು ನಾನು ಅಣ್ಣನನ್ನು ಕೆಣಕತೊಡಗಿದೆ. ಅವನು ಕೆಳಗಿನಿಂದ ಉರಿದೇಳುತ್ತಿದ್ದ. ಸುರಕ್ಷತೆಯ ಈ ವಿಧಾನವನ್ನು ಯಾವ ಸಮ್ಮೇಳನದಲ್ಲೂ ಮಂಡಿಸಲು ನನಗೆ ಧೈರ್ಯವಾಗಿಲ್ಲ.

ಮಳೆಗಾಲಕ್ಕೆ ಮುಂಚಿನ ಒಂದು ಮಧ್ಯಾಹ್ನ. ಮೋಡ ಕಟ್ಟಿ ಗಾಳಿ ಅಲುಗದೆ ನಿಂತಿತ್ತು. ಇಳಿಯುವ ಮೊದಲು ನಾನು ಗಾಳಿ ಅಳೆಯುವ ಮೀಟರನ್ನು ದಾರಕ್ಕೆ ಕಟ್ಟಿ ಟಾಕಿಯ ತಳದತನಕ ಬಿಟ್ಟು ನೋಡಿದೆ. ಅಂಗೈಯಗಲದ ವಸ್ತು, ವಿಷದ ಗಾಳಿ ಸೋಕಿದರೆ ಕಿರುಚಿಕೊಳ್ಳುತ್ತದೆ. ಕಿರುಚಲಿಲ್ಲ. ಹೊಸ ಗಾಳಿ ತಳ್ಳುವ ಬ್ಲೋವರ್ ಚಾಲೂ ಆಗಿತ್ತು. ಮೀಟರನ್ನು ಅಣ್ಣನ ಎದೆಯ ಪಟ್ಟಿಗೆ ಸಿಕ್ಕಿಸಿದೆ. ಅವನು ಏಣಿ ಇಳಿದ. ತಮ್ಮ ರಾಟೆಯ ಬಳಿ ನಿಂತ. ನಾನು ನನ್ನ ಕುರ್ಚಿಯಲ್ಲಿ ಪ್ರತಿಷ್ಠಾಪಿತನಾದೆ.

ಒಂದಷ್ಟು ಹೊತ್ತು ಎಲ್ಲ ಸರಿಯಿತ್ತು. ಅಣ್ಣ ತನ್ನ ಭಾವಮೈದುನನನ್ನು ಬೈದ, ಗುತ್ತಿಗೆದಾರನ ಚಹಾವನ್ನು ಬೈದ. ಆಮೇಲೆ ಮೂಲೆಯ ಗಟ್ಟಿ ಕೆಸರನ್ನು ಕೆರೆಯತೊಡಗಿದ. ಸಲಿಕೆಯ ಸದ್ದು ಒಮ್ಮೆ ಕೇಳಿಸಿದರೆ ಮತ್ತೊಮ್ಮೆ ಕೇಳಿಸಲು ತಡವಾಗತೊಡಗಿತು. ನನ್ನ ಕಾಲು ತಾನಾಗಿ ಕುಣಿಯಲಾರಂಭಿಸಿತು.

"ಯಾಕೋ, ಸುಮ್ಮನಾದಿ?"

ಬಗ್ಗಿ ಕೆಣಕಿ ನೋಡಿದೆ.

"ಏನ ಅನ್ನು, ಝುಣಕದಾಗ ತಮ್ಮನ ಕೈರುಚಿ ನಿನಗ ಬರೂದಿಲ್ಲ ಬಿಡು."

ಸ್ವಲ್ಪ ತಡೆದು, ಮಲಗಿದವನ ದನಿಯಲ್ಲಿ, ಬಹಳ ವಿನಯದಿಂದ ಬಂತು: "ಹೌದ್ರಿ. ಅಂವ ಚಲೋ ಮಾಡ್ತಾನ್ರಿ."

ತಮ್ಮನ ಮುಖ ಅರಳಿತು. "ಕೇಳಿದ್ರೇನ್ರಿ ಸಾಹೇಬ್ರ? ಇಷ್ಟ ವರ್ಷಕ್ಕ ಬಾಯಿಬಿಟ್ಟ ಒಪ್ಪಿಕೊಂಡ ನೋಡ್ರಿ."

"ತಿರುಗಿಸು," ಎಂದೆ.

"ಏನ್ರಿ?"

"ಹ್ಯಾಂಡಲ್ ತಿರುಗಿಸು. ಎಳಿ ಅವನ್ನ ಮ್ಯಾಲ."

"ಒಪ್ಪಿಕೊಂಡಿದ್ದಕ್ಕ ಶಿಕ್ಷಾ ಏನ್ರಿ ಅವಗ?" ಎಂದು ಅವನು ನಗುತ್ತಿರುವಾಗಲೇ ಕೆಳಗೆ ಸಲಿಕೆ ಬಿದ್ದ ಸದ್ದು, ಅದರ ಹಿಂದೆಯೇ ಮೈ ಬಿದ್ದ ಸದ್ದು.

ತಮ್ಮ ಹ್ಯಾಂಡಲು ಬಿಟ್ಟ. ಕೈಬಿಟ್ಟರೆ ಹಗ್ಗ ಹಿಂದಕ್ಕೆ ಜಾರದ ರಾಟೆ ಅದು, ಅಷ್ಟು ಪುಣ್ಯ. ಅವನು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ನಾನು ಅವನ ಸೊಂಟದ ಬೆಲ್ಟು ಹಿಡಿದಿದ್ದೆ. "ಬಿಡ್ರಿ, ನಮ್ಮಣ್ಣ ಅದಾನ್ರಿ," ಎಂದ. ಬಿಡಲಿಲ್ಲ. ಕೈ ಬೀಸಿದ, ನನ್ನ ಕನ್ನಡಕ ಎಲ್ಲೋ ಹೋಯಿತು. ಹರೆಯದ ಆ ಮನುಷ್ಯನ ಎದುರು ನನ್ನ ಬಲ ಎಷ್ಟರದು? ಅವನನ್ನು ಹಿಂದಕ್ಕೆ ಎಳೆದದ್ದು ನನ್ನ ಬಲವಲ್ಲ, ನನ್ನ ತೂಕ. ಇಬ್ಬರೂ ಕೂಡಿ ಹಿಂದಕ್ಕೆ ಬಿದ್ದೆವು. ಗಲಾಟೆ ಕೇಳಿ ಟ್ಯಾಂಕರಿನ ಡ್ರೈವರ್, ಬಿಹಾರದ ಕಡೆಯ ದೊಡ್ಡ ಆಳು, ಓಡಿಬಂದು ತಮ್ಮನನ್ನು ಹಿಂದಿನಿಂದ ತಬ್ಬಿ ಹಿಡಿದ. ನಾನು ಎದ್ದು ರಾಟೆ ತಿರುಗಿಸಿದೆ.

ಅದು ನಿಧಾನದ ಯಂತ್ರ. ಒಂದು ಸುತ್ತಿಗೆ ಗೇಣು ಹಗ್ಗವೂ ಮೇಲೆ ಬರುವುದಿಲ್ಲ. ಬೆನ್ನ ಹಿಂದೆ ಒಬ್ಬ ಮನುಷ್ಯ ತನ್ನ ಅಣ್ಣನ ಹೆಸರು ಹಿಡಿದು ಕೂಗುತ್ತಿದ್ದ, ನಡುವೆ ನನ್ನನ್ನೂ ಕೂಗುತ್ತಿದ್ದ. ನನ್ನನ್ನು ಕರೆಯಲು ಅವನು ಬಳಸಿದ ಶಬ್ದಗಳನ್ನು ಬರೆಯುವುದು ಬೇಡ. ನಾನು ತಿರುಗಿಸುತ್ತಿದ್ದೆ. ಕೊನೆಗೆ ಹಳದಿ ಟೊಪ್ಪಿಗೆ ಕಂಡಿತು, ಎದೆಗೆ ಬಿದ್ದ ತಲೆ ಕಂಡಿತು. ಹೊರಗೆ ಎಳೆದು ಮಲಗಿಸಿ ಆಕ್ಸಿಜನ್ ಮುಖವಾಡ ಹಾಕಿದೆವು. ಸ್ವಲ್ಪ ಹೊತ್ತಿಗೆ ಕೆಮ್ಮಿದ. ಅಷ್ಟು ಅಸಹ್ಯವಾದ, ಅಷ್ಟು ಇಂಪಾದ ಕೆಮ್ಮನ್ನು ನಾನು ಕೇಳಿಲ್ಲ.

ಕೆಸರನ್ನು ಕೆದಕಿದಾಗ ಅದರ ಹೊಟ್ಟೆಯಲ್ಲಿ ಅಡಗಿದ್ದ ವಿಷದ ಗಾಳಿ ಹೊರಬಂದಿತ್ತು. ಇದು ಹೊಸ ಸಂಗತಿಯಲ್ಲ; ಮೀಟರು ಇರುವುದೇ ಇದಕ್ಕಾಗಿ. ಹಾಗಾದರೆ ಅದು ಯಾಕೆ ಕಿರುಚಲಿಲ್ಲ? ಆಂಬ್ಯುಲೆನ್ಸಿಗೆ ಏರಿಸುವ ಮುನ್ನ ಎದೆಯ ಪಟ್ಟಿ ಬಿಚ್ಚಿದಾಗ ತಿಳಿಯಿತು. ಮೀಟರನ್ನು ಒಂದು ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಮೇಲೆ ರಬ್ಬರ್ ಬ್ಯಾಂಡ್ ಸುತ್ತಲಾಗಿತ್ತು. ಬಹಳ ನೀಟಾಗಿ. ಚೀಲದೊಳಗೆ ಅದು ಹಸಿರು ದೀಪ ಮಿನುಗಿಸುತ್ತ ಪ್ರಸನ್ನವಾಗಿತ್ತು. ಅದರ ಪಾಲಿಗೆ ಜಗತ್ತಿನಲ್ಲಿ ಯಾವ ವಿಷವೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಅಣ್ಣ ಕಣ್ಣುಬಿಟ್ಟ ಮೇಲೆ ಕೇಳಿದೆ.

"ಕೆಳಗ ಕೆಸರ ಸಿಡೀತಿತ್ರಿ," ಎಂದ. "ಭಾಳ ತುಟ್ಟಿ ಮಶೀನ್ ಅಂದಿದ್ರಿ ನೀವು. ಹೊಲಸ ಆಗಬಾರ್ದಂತ, ಕಿಸೇದಾಗ ಊಟದ ಚೀಲ ಇತ್ತು, ಹಾಕಿದ್ನಿರಿ."

ಬೈಯಲು ಬಾಯಿ ತೆರೆದವನು ಮುಚ್ಚಿದೆ. ನಮ್ಮ ಮನೆಯಲ್ಲಿ ಟೀವಿಯ ರಿಮೋಟು ಕೊಂಡ ದಿನದಿಂದ ಪ್ಲಾಸ್ಟಿಕ್ಕಿನ ಅಂಗಿಯಲ್ಲಿದೆ. ಅದರ ಮೇಲಿನ ಅಂಕಿಗಳನ್ನು ಊಹೆಯಿಂದ ಒತ್ತುತ್ತೇವೆ. ಬೆಲೆಯುಳ್ಳದ್ದನ್ನು ಗಾಳಿಗೆ ಬಿಡದಿರುವುದೇ ನಾವು ಅದಕ್ಕೆ ತೋರಿಸುವ ಮರ್ಯಾದೆ. ಗಾಳಿಯಲ್ಲೇ ಬದುಕಬೇಕಾದ ವಸ್ತುವಿಗೂ ಅವನು ಅದೇ ಮರ್ಯಾದೆ ತೋರಿಸಿದ್ದ.

ವಾರ್ಡಿನ ಹೊರಗೆ ಬೆಂಚಿನ ಮೇಲೆ ತಮ್ಮ ಕೂತಿದ್ದ. ನಾನು ಆ ಕಡೆಯಿಂದ ಈ ಕಡೆಗೆ ಅಡ್ಡಾಡುತ್ತಿದ್ದೆ. ತಲೆ ಎತ್ತದೆ ಕೇಳಿದ, "ಹಗ್ಗ ಎಲ್ಲೆರ ಸಿಕ್ಕೊಂಡಿದ್ರ ಏನ್ ಮಾಡ್ತಿದ್ರಿ?"

"ಅಗ್ನಿಶಾಮಕದವರಿಗೆ ಫೋನ್ ಮಾಡಿ ಕೂಡ್ತಿದ್ದೆ."

"ಅವರ ಬರೂದು ತಡಾ ಆಗಿದ್ರ?"

"ಕೂಡ್ತಿದ್ದೆ."

"ನನ್ನ ಬಿಡ್ತಿದ್ದಿಲ್ಲ."

"ಬಿಡ್ತಿದ್ದಿಲ್ಲ. ನಿಮ್ಮವ್ವನ ಮುಂದ ಒಬ್ಬನ್ನ ಕಳಕೊಂಡೆ ಅಂತ ಹೇಳಬಹುದು. ಇಬ್ಬರನ್ನ ಅಂತ ಹೇಳಾಕ ನನಗ ಬಾಯಿಲ್ಲ."

ಅವನು ನನ್ನನ್ನು ನೋಡಿದ. ಎದ್ದು ಹೋಗಿ ದೂರದ ಇನ್ನೊಂದು ಬೆಂಚಿನ ಮೇಲೆ ಕೂತ. ಆಮೇಲೆ ಕಾರ್ಖಾನೆಯಲ್ಲಿ ಎದುರು ಬಂದರೂ ಮಾತಿಲ್ಲ. ತಲೆ ಬಗ್ಗಿಸಿ ನಮಸ್ಕಾರ ಮಾತ್ರ ಮಾಡುತ್ತಿದ್ದ. ಆ ನಮಸ್ಕಾರಕ್ಕಿಂತ ಅಂದು ಬಿದ್ದ ಏಟು ಹಿತವಾಗಿತ್ತು.

ಆ ದಿನಗಳಲ್ಲಿ ನನ್ನ ಅಡ್ಡಾಟ ಹೆಚ್ಚಾಯಿತು. ನಮ್ಮ ಮನೆಯಿರುವ ಸೊಸೈಟಿಯ ನೀರಿನ ಟಾಕಿಯ ಮುಚ್ಚಳ ಹಾಕಿದೆಯೇ ಎಂದು ಹೋಗಿ ನೋಡಿ ಬರುವುದು, ಮತ್ತೆ ಹೋಗುವುದು. ವಾಚ್‌ಮನ್ ನನ್ನನ್ನು ಸಂಶಯದಿಂದ ನೋಡತೊಡಗಿದ. ಬೇಸತ್ತ ಹೆಂಡತಿ ಒಂದು ಭಾನುವಾರ ಲೋಕಲ್ ರೈಲು ಹತ್ತಿಸಿ ಲೋಣಾವಳಾಕ್ಕೆ ಕರೆದೊಯ್ದಳು. ಮಳೆ ಹಿಡಿದಿತ್ತು. ಭಜಿ ತಿನ್ನಲು ಹೋದ ಹೋಟೆಲಿನ ಹಿಂದೆ ಒಬ್ಬ ಮನುಷ್ಯ ಮೋರಿಯ ಗುಂಡಿಯೊಳಗೆ ಅರ್ಧ ಮೈ ಇಳಿಬಿಟ್ಟು ಏನನ್ನೋ ತಡಕುತ್ತಿದ್ದ. ಭಜಿಯ ತಟ್ಟೆ ಅವಳ ಕೈಗೆ ಕೊಟ್ಟು ಎದ್ದೆ. ಅವನು ಮೇಲೆ ಬರುವತನಕ ಛತ್ರಿ ಹಿಡಿದು ಪಕ್ಕದಲ್ಲೇ ನಿಂತೆ. ಮಾಲೀಕ, ನಾನು ಮುನಿಸಿಪಾಲಿಟಿಯವನೆಂದು ತಿಳಿದು ಚಹಾ ಕಳಿಸಿದ.

"ಇಲ್ಲಿಗೂ ನಿಮ್ಮ ಟಾಕಿ ಕಟಗೊಂಡ ಬಂದೀರಿ," ಎಂದಳು ಹೆಂಡತಿ. "ಏನಾಗೇದ ಹೇಳ್ರಿ."

ಆಸ್ಪತ್ರೆಯ ಬೆಂಚಿನ ಮಾತನ್ನು ಹೇಳಿದೆ. ಅವಳು ಆರಿದ ಭಜಿಯನ್ನು ಮುರಿಯುತ್ತ ಕೇಳಿದಳು, "ನಮ್ಮ ಮಗ ಒಳಗ ಬಿದ್ದಿದ್ರ ನೀವು ಕೂಡ್ತಿದ್ರೇನು?"

ಶಾಸ್ತ್ರ ಹೇಳುವ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹೇಳಲಾಗಲಿಲ್ಲ. "ಇಲ್ಲ," ಎಂದೆ.

"ಮತ್ತ ಅಂವ ಏನ್ ತಪ್ಪ ಮಾಡಿದ?"

ಯೋಚಿಸುತ್ತ ನಿಂತೇ ಪುಣೆಗೆ ಮರಳಿದೆ. ಅವನದು ತಪ್ಪಲ್ಲ. ತಪ್ಪು, ಅಣ್ಣ ಇಳಿದ ಗುಂಡಿಯ ಬಾಯಲ್ಲಿ ತಮ್ಮನನ್ನು ನಿಲ್ಲಿಸಿ, ಹಾರಬೇಡ ಎಂದು ಬೋಧಿಸುವ ಏರ್ಪಾಡಿನದು. ಎಲ್ಲರೂ ಮೆಚ್ಚಿದ್ದೆವಲ್ಲ, ಅದರದು. ಮರುದಿನವೇ ಸುರಕ್ಷತಾ ವಿಭಾಗವು ತನ್ನೊಡನೆ ತಾನು ಸಮಾಲೋಚಿಸಿ ಹೊಸ ನಿಯಮ ಹೊರಡಿಸಿತು: ಒಳಗಿಳಿದವನ ಬಂಧುಬಳಗದವರು ಯಾರೂ ಟಾಕಿಯ ಹತ್ತಿರ ಸುಳಿಯಕೂಡದು.

ಮರಾಠಿ ಗುತ್ತಿಗೆದಾರ ನಕ್ಕುಬಿಟ್ಟ. "ಸಾಹೇಬ್, ಸಗಳೇಚ್ ಪಾವ್ಹಣೇ ಆಹೇತ್," ಎಂದ. ತಂಡದವರೆಲ್ಲ ಒಂದೇ ಊರಿನ ಬೀಗರು ನೆಂಟರು. ನಂಬದೆ ವಿಚಾರಿಸಿದೆ. ರಾಟೆಗೆ ಗೊತ್ತುಮಾಡಿದವನು ಸೋದರಮಾವನ ಮಗ. ಅವನನ್ನು ತೆಗೆದು ನಿಲ್ಲಿಸಿದವನಿಗೆ ತಮ್ಮನ ಹೆಂಡತಿಯ ತಂಗಿಯನ್ನು ಕೊಟ್ಟಿತ್ತು. ಮೂರನೆಯವನು ಮಾತ್ರ, "ನಮಗೇನೂ ಸಂಬಂಧ ಇಲ್ರಿ," ಎಂದ. ಖುಷಿಯಾಗುವಷ್ಟರಲ್ಲಿ, "ಈ ದೀಪಾವಳಿಗೆ ಆಗೂದೈತ್ರಿ," ಎಂದು ಸೇರಿಸಿದ. ಇಡೀ ಭೋಸರಿಯಲ್ಲಿ ಇವರಿಗೆ ಏನೂ ಆಗದವರು ಇಬ್ಬರೇ ಸಿಕ್ಕರು: ಬಿಹಾರದ ಡ್ರೈವರ್ ಮತ್ತು ನಾನು.

ಉಳಿದಿದ್ದ ಎರಡನೆಯ ಟಾಕಿಗೆ ತಮ್ಮನೇ ಇಳಿಯಬೇಕಾಯಿತು. ಡಾಕ್ಟರು ಅಣ್ಣನಿಗೆ ಇನ್ನೂ ಕೆಲಸ ಬೇಡವೆಂದಿದ್ದರು. ಆದರೂ ತಮ್ಮ ಇಳಿಯುವ ದಿನ ಅವನು ಗೇಟಿನ ಹತ್ತಿರ ಬಂದು ನಿಂತಿದ್ದ. ಕ್ಯಾಂಟೀನಿನಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿಸಿದೆ. ಬಾಗಿಲ ಸಂದಿಯಿಂದ, "ನಾ ಹಾರೂದಿಲ್ರಿ ಸಾಹೇಬ್ರ, ಬರೇ ನೋಡ್ತೀನಿ," ಎಂದ. "ನೋಡಿದ್ರ ಹಾರ್ತಿ," ಎಂದೆ.

ಮೀಟರನ್ನು ಬರಿಮೈಯಲ್ಲಿ ತಮ್ಮನ ಎದೆಗೆ ಸಿಕ್ಕಿಸಿದೆ. ಕಿಸೆಗಳನ್ನು ಹೊರಮಗ್ಗುಲು ಮಾಡಿಸಿ ನೋಡಿದೆ. ಅವನು ಮದುಮಗನಂತೆ ಗಂಭೀರವಾಗಿ, ನನ್ನ ಮುಖ ನೋಡದೆ ನಿಂತಿದ್ದ. ಇಳಿದ. ಡ್ರೈವರ್ ಹ್ಯಾಂಡಲು ಹಿಡಿದ.

"ಹೆಂಗದೀ?"

"ಹೂಂ."

"ಕೆಸರ ಗಟ್ಟಿ ಅದ ಏನು?"

"ಹೂಂ."

"ನಿಮ್ಮಣ್ಣ ಹೇಳ್ತಿದ್ದ, ನಿನಗ ಸಲಿಕಿ ಹಿಡೀಲಿಕ್ಕೇ ಬರೂದಿಲ್ಲಂತ."

"ಹೂಂ."

ಮೀಟರು ಸುಮ್ಮನಿತ್ತು, ಬ್ಲೋವರ್ ಗುಂಯ್ಯೆನ್ನುತ್ತಿತ್ತು, ಸಲಿಕೆಯ ಸದ್ದು ಸರಿಯಾಗಿತ್ತು. ಆದರೂ ನನ್ನ ಕಾಲು ನಿಲ್ಲಲಿಲ್ಲ. ಯಂತ್ರ ಒಮ್ಮೆ ಪ್ರಸನ್ನವಾಗಿದ್ದುದನ್ನು ನೋಡಿದ್ದೇನಲ್ಲ. ಆ "ಹೂಂ" ಎಂಬುದರಲ್ಲಿ ಮನುಷ್ಯ ಇದ್ದಾನೋ ಇಲ್ಲವೋ ತಿಳಿಯುವಂತಿರಲಿಲ್ಲ. ಸಿಟ್ಟಿನ ಹೂಂ ಯಾವುದು, ಮಂಪರಿನ ಹೂಂ ಯಾವುದು? ಬಗ್ಗಿ ನೋಡಿದರೆ ಟೊಪ್ಪಿಗೆ ಅಲುಗುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

"ಮಾತಾಡು. ಇಲ್ಲಾಂದ್ರ ಎಳಸ್ತೀನಿ ಮ್ಯಾಲ."

"ಏನ್ ಮಾತಾಡ್ಲ್ರಿ?"

"ನನಗ ಬೈ."

ಸಲಿಕೆ ನಿಂತಿತು. "ನಿಮಗ ಹೆಂಗ ಬೈಬೇಕ್ರಿ? ದೊಡ್ಡಾವ್ರು ನೀವು."

"ಅವತ್ತ ಬೈದಿದ್ದಿ. ಚಲೋ ಬೈದಿದ್ದಿ. ಅಲ್ಲಿಂದ ಮುಂದಕ್ಕ ಹೇಳು."

ಡ್ರೈವರ್ ಹ್ಯಾಂಡಲಿನ ಮೇಲಿನ ಹಿಡಿತ ಬಿಗಿಮಾಡಿ ನನ್ನನ್ನು ನೋಡಿದ. ನಾನು ಎಳೆ ಎಂದು ಕೈ ಎತ್ತಬೇಕು, ಅಷ್ಟರಲ್ಲಿ ಕೆಳಗಿನಿಂದ ದನಿ ಬಂತು.

"ನಿಮಗ ಕರಳ ಅನ್ನೂದು ಅದ ಏನ್ರಿ? ಒಡಹುಟ್ಟಿದಂವ ಕೆಳಗ ಬಿದ್ದಾನ, ನೀವು ನನ್ನ ಬೆಲ್ಟ ಹಿಡೀತೀರಿ. ಹರದ ಹೋತ್ರಿ ಆ ಬೆಲ್ಟ. ಆಸ್ಪತ್ರ್ಯಾಗ ಕೇಳಿದ್ರ ಕೂಡ್ತಿದ್ದೆ ಅಂತೀರಿ. ಸುಳ್ಳರ ಹೇಳಬಾರ್ದೇನ್ರಿ? ಏನರ ಮಾಡ್ತಿದ್ದೆ ಬಿಡೋ ಅಂತ ಒಂದ್ ಸುಳ್ಳ ಹೇಳಾಕ ನಿಮಗೇನ್ ಪಗಾರ ಕಡಿಮಿ ಆಗ್ತಿತ್ತು? ಮೂರ ರಾತ್ರಿ ನಿದ್ದಿ ಮಾಡಿಲ್ಲ ನಾನು. ಕಣ್ಣ ಮುಚ್ಚಿದ್ರ ಹಗ್ಗ ಸಿಕ್ಕೊಂಡು ನೀವ ಕೂತಿದ್ದ ಕಾಣತಿತ್ತು. ಕಲ್ಲ ಕೂತಂಗ ಕೂತಿದ್ರಿ..."

ಪ್ರತಿ ಬೈಗುಳಕ್ಕೂ ಒಂದು 'ರೀ' ತಪ್ಪದೆ ಅಂಟಿಕೊಂಡಿತ್ತು. ದನಿ ಗೋಡೆಗೆ ಬಡಿದು ದೊಡ್ಡದಾಗಿ ಮೇಲೆ ಬರುತ್ತಿತ್ತು, ಸಲಿಕೆಯೂ ಅದರ ಲಯಕ್ಕೆ ಬೀಳತೊಡಗಿತ್ತು. ಕನ್ನಡ ಬಾರದ ಡ್ರೈವರ್ ಗಾಬರಿಯಾಗಿ, ಎಳೆದುಬಿಡಲೇ ಎಂದು ಕೇಳಿದ, "ಕ್ಯಾ ಬೋಲ್ ರಹಾ ಹೈ ಸಾಬ್? ಖೀಂಚೂಂ?"

"ನಹೀ. ಸಬ್ ಠೀಕ್ ಬೋಲ್ ರಹಾ ಹೈ," ಎಂದೆ.

ಅವನು ನನ್ನನ್ನು ಬೈದು ಮುಗಿಸಿ ನನ್ನ ಹುದ್ದೆಯನ್ನು ಹಿಡಿದ, ಅಲ್ಲಿಂದ ನಿಯಮಗಳಿಗೆ ಬಂದ, ಅಣ್ಣನನ್ನು ಕೂಡಿಹಾಕಿದ ಚಿಲಕಕ್ಕೆ ಬಂದ. ಬಕೆಟ್ಟುಗಳು ತುಂಬಿ ಮೇಲೆ ಬರುತ್ತಿದ್ದವು. ನಾನು ಒಂದೂ ಮಾತು ತಪ್ಪಿಸದೆ ಕೇಳುತ್ತಿದ್ದೆ. ಒಮ್ಮೆಲೇ ದನಿ ನಿಂತಿತು.

ಎದ್ದೇ ಬಿಟ್ಟೆ. "ಯಾಕ? ಮುಂದ?"

"ತಡೀರಿ ಸ್ವಲ್ಪ," ಎಂದ ಕೆಳಗಿನಿಂದ. "ಉಸಿರ ತಗೋಳಾಕತ್ತೀನಿ."

"ತಗೋ," ಎಂದೆ. "ಸಾವಕಾಶ ತಗೋ."